ಡಿಸ್ಕ್ ಡ್ರೈವರ್‌ನಲ್ಲಿ ಉದ್ದದ ಲೆಕ್ಕ

ಡಿಸ್ಕಿಗೆ ಹೋಗುವ ಪ್ರತಿ ಓದು-ಬರಹದ ಆದೇಶದಲ್ಲೂ ಎರಡು ಸಂಖ್ಯೆಗಳಿರುತ್ತವೆ: ಎಲ್ಲಿಂದ, ಎಷ್ಟು. ಮೊದಲನೆಯದು ತಪ್ಪಿದರೆ ಬೇಗ ಬಯಲಾಗುತ್ತದೆ. ಎರಡನೆಯದು ತಪ್ಪಿದರೆ ಯಂತ್ರ ತಿಂಗಳುಗಟ್ಟಲೆ ಸರಿಯಾಗಿ ಓಡಿ, ದೊಡ್ಡ ಫೈಲೊಂದನ್ನು ಬರೆಯುವ ಹೊತ್ತಿಗೆ ಕೈಕೊಡಬಹುದು.

ಗೊಂದಲದ ಬೇರು ಮಾನಕಗಳಲ್ಲೇ ಇದೆ. ಸ್ಕಸಿಯ ಆರು ಬೈಟಿನ ಹಳೆಯ ಆದೇಶದಲ್ಲಿ ಉದ್ದ ಸೊನ್ನೆ ಎಂದರೆ 256 ಬ್ಲಾಕ್. ಹತ್ತು ಬೈಟಿನ ಆದೇಶದಲ್ಲಿ ಅದೇ ಸೊನ್ನೆಗೆ ಏನನ್ನೂ ಕಳಿಸಬೇಡ ಎಂಬ ಅರ್ಥ. ಎನ್‌ವಿಎಂಇಯಲ್ಲಿ ಸೊನ್ನೆ ಬರೆದರೆ ಒಂದು ಬ್ಲಾಕ್.

ಕಾಡುಗೋಡಿ–ವೈಟ್‌ಫೀಲ್ಡ್ ಪಟ್ಟಿಯಲ್ಲಿ ಡಿಸ್ಕ್, ಸ್ಟೋರೇಜ್ ತಂತ್ರಾಂಶವನ್ನೇ ಕಸುಬಾಗಿಸಿಕೊಂಡವರು ಹಲವರಿದ್ದಾರೆ. ನೆಟ್‌ಆ್ಯಪ್‌ನ ದೊಡ್ಡ ಕೇಂದ್ರವೂ ಇಲ್ಲೇ ಇದೆ. ಇಂಥ ತಪ್ಪುಗಳನ್ನು ತಿದ್ದುವ ಬಗೆಯನ್ನು ತೂಗಿನೋಡಲು ಅವರೆಲ್ಲರಿಗೂ ತೆರೆದಿರುವ ಕಡತವೆಂದರೆ ಲಿನಕ್ಸ್ ಕರ್ನಲ್.

ಅದರಲ್ಲಿ ಎರಡು ದಾರಿಗಳು ಕಾಣುತ್ತವೆ. ಒಂದು, ಸಾಧನಕ್ಕೆ ತಕ್ಕಂತೆ ಬಗ್ಗುವುದು. ಹಳೆಯ ಯುಎಸ್‌ಬಿ ಡಿಸ್ಕುಗಳಿಗೆ ಒಂದು ಸಲಕ್ಕೆ 240 ಸೆಕ್ಟರ್, ಅಂದರೆ 120 ಕೆಬಿ, ಮೀರದಂತೆ ಮಿತಿ ಹಾಕಲಾಗಿದೆ. ಜೆನೆಸಿಸ್ ಲಾಜಿಕ್ ಚಿಪ್‌ಗಳಿಗೆ 64 ಸೆಕ್ಟರ್ ಮಾತ್ರ. ಸಾಧನದ ಗುರುತು ಕೇಳುವಾಗ ಮೊದಲು 36 ಬೈಟ್ ಮಾತ್ರ ಕೇಳಲಾಗುತ್ತದೆ, ಹೆಚ್ಚು ಕೇಳಿದರೆ ಕೆಲವು ಸಾಧನಗಳು ಸ್ತಬ್ಧವಾಗುತ್ತವೆ. ಮೋಡ್ ಮಾಹಿತಿಗೆ 192 ಬೈಟ್ ಕೇಳುವುದಕ್ಕೆ ವಿಂಡೋಸ್ ಅಷ್ಟೇ ಕೇಳುತ್ತದೆ ಎಂಬುದೇ ಕಾರಣ. ತಯಾರಕರು ಪರೀಕ್ಷಿಸಿರುವುದು ಅದೊಂದನ್ನೇ. ಮಾನಕನಿಷ್ಠರಿಗೆ ಇದು ಹಿಡಿಸದು, ಆದರೂ ಪೆನ್‌ಡ್ರೈವ್ ಕೆಲಸ ಮಾಡುತ್ತದೆ. ಇದರ ದೋಷ ಬೇರೆ: ಇಂಥ ವಿನಾಯಿತಿಗಳ ಪಟ್ಟಿಗೆ ಸೇರಿದ ಸಾಲನ್ನು ತೆಗೆಯುವ ಧೈರ್ಯ ಸುಲಭಕ್ಕೆ ಯಾರಿಗೂ ಬರುವುದಿಲ್ಲ.

ಎರಡನೆಯ ದಾರಿ, ಮಿತಿ ಯಾರದೆಂದು ವಿಂಗಡಿಸುವುದು. ಇದನ್ನು ಲಿನಕ್ಸ್ ಪೆಟ್ಟು ತಿಂದೇ ಕಲಿಯಿತು. ಕಂಟ್ರೋಲರ್ ಎಷ್ಟು ತಾಳಬಲ್ಲುದಾದರೂ ಕರ್ನಲ್ ತನ್ನ ಕಡೆಯಿಂದ 1024 ಸೆಕ್ಟರ್‌ಗಳ ಮಿತಿ ಇಟ್ಟಿತ್ತು. ಇದು ಕೃತಕವೆಂದು 3.19ನೇ ಆವೃತ್ತಿಯಲ್ಲಿ ಕಿತ್ತುಹಾಕಲಾಯಿತು. ತರ್ಕ ಸರಿಯಾಗಿಯೇ ಇತ್ತು. ಆದರೆ ಕೆಲವು ಸ್ಯಾನ್ ವ್ಯವಸ್ಥೆಗಳಲ್ಲಿ ಬರಹದ ವೇಗ ಕಾಲುಭಾಗದಿಂದ ಅರ್ಧದವರೆಗೆ ಕುಸಿಯಿತು. ಡಿಸ್ಕ್ ಮತ್ತು ಕಂಟ್ರೋಲರ್‌ಗಳ ಒಂದು ಜೋಡಿಯಲ್ಲಿ ಡೇಟಾವೇ ಕೆಟ್ಟಿತು. 2015ರಲ್ಲಿ ಮಿತಿ ಮರಳಿತು, ಮುಂದೆ 2560 ಸೆಕ್ಟರ್‌ಗೆ ಏರಿತು: 128 ಕೆಬಿಯಂತೆ ಹತ್ತು ಡಿಸ್ಕುಗಳ ರೇಡ್ ಸ್ಟ್ರೈಪ್‌ಗೆ ಸಾಲುವಷ್ಟು.

ಅಸಲಿ ಚಿಕಿತ್ಸೆ ಬಂದದ್ದು ಅದೇ ವರ್ಷದ ಕೊನೆಗೆ, ಮಾರ್ಟಿನ್ ಪೀಟರ್ಸನ್ ಅವರ ಪ್ಯಾಚ್‌ನಲ್ಲಿ. ಕೆಲವು ಎಸ್‌ಎಂಆರ್ ಡಿಸ್ಕುಗಳ ತೊಂದರೆಯನ್ನು ಬೆನ್ನಟ್ಟಿದಾಗ ತಿಳಿದದ್ದು ಇಷ್ಟು: ಬ್ಲಾಕ್ ಪದರಕ್ಕೆ ಕಂಟ್ರೋಲರ್ ಹೇರುವ ಮಿತಿ ಗೊತ್ತಿತ್ತು, ಡಿಸ್ಕ್ ಹೇರುವ ಮಿತಿಯನ್ನು ಬರೆದಿಡಲು ಜಾಗವೇ ಇರಲಿಲ್ಲ. ಪ್ಯಾಚ್ ಆ ಜಾಗವನ್ನು ಮಾಡಿಕೊಟ್ಟಿತು. ಡಿಸ್ಕ್ ತನ್ನ ಗರಿಷ್ಠ ಉದ್ದ ಹೇಳಿದರೆ ಅದು, ಹೇಳದಿದ್ದರೆ ಆದೇಶದಲ್ಲಿ ಉದ್ದಕ್ಕಿರುವ ಬಿಟ್‌ಗಳು ಹಿಡಿಸುವಷ್ಟು. ಒಂದೇ ಸಂಖ್ಯೆಯನ್ನು ಹಿಗ್ಗಿಸಿ ಕುಗ್ಗಿಸಿದ ಹಿಂದಿನ ತಿದ್ದುಪಡಿಗಳಿಗಿಂತ ಇದರ ಬೆಲೆ ಹೆಚ್ಚು. ಎಡವಟ್ಟಾದಾಗ ಯಾವ ಮಿತಿ ಮುರಿಯಿತೆಂದು ಈಗ ಕೇಳಬಹುದು.

ಆದರೆ ಡಿಸ್ಕ್ ತನಗೆ ಅನುಕೂಲವೆಂದು ಹೇಳುವ ಉದ್ದವನ್ನೂ, ಅದು ಸಮಂಜಸವಾಗಿದ್ದರೆ, ಇದೇ ಪ್ಯಾಚ್ ನಂಬಿತು. ಸಮಂಜಸ ಯಾವುದು ಎಂಬಲ್ಲೇ ಎಡವಿದ್ದು. ಕೆಲವು ಯುಎಸ್‌ಬಿ ಬ್ರಿಡ್ಜ್‌ಗಳು 65,535 ಬ್ಲಾಕ್, ಅಂದರೆ 3,35,53,920 ಬೈಟ್ ಎನ್ನುತ್ತವೆ. ಹದಿನಾರು ಬಿಟ್‌ಗಳಲ್ಲೂ 1 ತುಂಬಿದ ಸಂಖ್ಯೆ ಅದು. 4096ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಅದನ್ನು ನೆಚ್ಚಿ ಮಾಡಿದ ಪಾರ್ಟಿಷನ್‌ಗಳ ಆರಂಭ ಸರಿಯಾದ ಗಡಿಗೆ ಕೂರುವುದಿಲ್ಲ. ಭೌತಿಕ ಬ್ಲಾಕಿನ ಗುಣಕವಲ್ಲದ ಉದ್ದವನ್ನು ತಳ್ಳಿಹಾಕುವ ಪರೀಕ್ಷೆ 2019ರಲ್ಲಿ ಸೇರಿತು. ತನ್ನ ಭೌತಿಕ ಬ್ಲಾಕ್ 512 ಬೈಟ್ ಎಂದು ಹೇಳಿಕೊಳ್ಳುವ ಬ್ರಿಡ್ಜ್ ಅದೇ ಸಂಖ್ಯೆಯನ್ನು ಕೊಟ್ಟರೆ ಈ ಪರೀಕ್ಷೆ ಅದನ್ನು ಹಿಡಿಯದು. 512ರಿಂದ ಅದು ನಿಶ್ಶೇಷವಾಗಿ ಭಾಗವಾಗುತ್ತದೆ.