ಪೋರ್ಟಿಂಗ್: ಕೊರೆದದ್ದಷ್ಟೇ ಸಾಕೇ?

ಯಮಹಾ ಆರ್‌ಎಕ್ಸ್ 100 ಬೈಕಿಗೆ ಪೋರ್ಟಿಂಗ್ ಮಾಡಿಸುವುದೆಂದರೆ ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿ ಒಂದೇ ಅರ್ಥ: ಬ್ಲಾಕ್ ಕಳಚಿ, ಹೊಗೆ ಹೊರಬೀಳುವ ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೂ ಪಕ್ಕಕ್ಕೂ ಕೊರೆದು, ಸೈಲೆನ್ಸರಿನ ಬಫಲ್ ಎಳೆದು ಬಿಸಾಡುವುದು. ಗಾಡಿ ಅಬ್ಬರಿಸುತ್ತದೆ, ಓಡಿಸುವವನಿಗೆ ಪಿಕಪ್ ಹೆಚ್ಚಿದಂತೆ ತೋರುತ್ತದೆ. ನಾನು ಇದನ್ನು ಕಳಪೆ ಕೆಲಸ ಎನ್ನುತ್ತೇನೆ. 1985ರಿಂದ 1996ರವರೆಗೆ ತಯಾರಾದ, 98 ಸಿಸಿಯಲ್ಲೇ 11 ಅಶ್ವಶಕ್ತಿ ಕೊಡುತ್ತಿದ್ದ ಆ ಟೂ-ಸ್ಟ್ರೋಕ್ ಎಂಜಿನ್ನಿಗೆ ಇದಕ್ಕಿಂತ ಒಳ್ಳೆಯ ಕೈ ಸಿಗಬೇಕಿತ್ತು.

ಪೋರ್ಟ್ ಎತ್ತರಿಸಿದರೆ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಹೆಚ್ಚಿನ ಆರ್‌ಪಿಎಮ್‌ನಲ್ಲಿ ಹೊಗೆ ಸರಾಗವಾಗಿ ಹೊರಬೀಳುತ್ತದೆ, ನಿಜ. ಕಡಿಮೆ ಆರ್‌ಪಿಎಮ್‌ನಲ್ಲಿ ಮಾತ್ರ ಪಿಸ್ಟನ್ನನ್ನು ತಳ್ಳಬೇಕಾದ ಒತ್ತಡ ಅರ್ಧದಲ್ಲೇ ಸೋರುತ್ತದೆ, ಹೊಸ ಪೆಟ್ರೋಲ್-ಗಾಳಿಯೂ ಅದರ ಹಿಂದೆಯೇ ಹೊರಟುಬಿಡುತ್ತದೆ. ಇಬ್ಬರು ಕೂತು ಘಾಟಿ ಹತ್ತುವಾಗ ಇದು ಗೊತ್ತಾಗುತ್ತದೆ. ಪಕ್ಕಕ್ಕೆ ಅತಿಯಾಗಿ ಅಗಲಿಸಿದರಂತೂ ಪಿಸ್ಟನ್ ರಿಂಗ್ ಪೋರ್ಟಿನ ಅಂಚಿಗೆ ಸಿಕ್ಕಿ ಮುರಿಯುತ್ತದೆ.

ಹೀಗೆ ಹೊರಟುಹೋಗುವ ಮಿಶ್ರಣವನ್ನು ಹಿಂದಕ್ಕೆ ತರುವ ವಿದ್ಯೆಯನ್ನು ಪೂರ್ವ ಜರ್ಮನಿಯ ಎಂಜಡ್ (MZ) ಬೈಕ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡನ್ 1950ರ ದಶಕದಲ್ಲೇ ಪಳಗಿಸಿದ್ದ. ಅವನ ಎಕ್ಸಾಸ್ಟ್ ಕೊಳವೆ ಮೊದಲು ಹಿಗ್ಗುತ್ತಾ ಹೋಗಿ ಆಮೇಲೆ ಕುಗ್ಗುತ್ತದೆ. ಹಿಗ್ಗುವ ಭಾಗದಿಂದ ಮರಳುವ ಒತ್ತಡದ ಅಲೆ ಸಿಲಿಂಡರಿನ ಹೊಗೆಯನ್ನು ಹೀರುತ್ತದೆ. ಕುಗ್ಗುವ ಭಾಗಕ್ಕೆ ಬಡಿದ ಅಲೆ ತಿರುಗಿ ಬಂದು, ಪೋರ್ಟ್ ಮುಚ್ಚುವ ಮೊದಲೇ ಹೊಸ ಮಿಶ್ರಣವನ್ನು ಒಳಕ್ಕೆ ದಬ್ಬುತ್ತದೆ. 1961ರ ಹೊತ್ತಿಗೆ ಎಂಜಡ್ ಕಾರ್ಖಾನೆಯ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಮುಟ್ಟಿತ್ತು. ಅದೇ ವರ್ಷ ಅದರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದ, ವಿದ್ಯೆ ಜಪಾನಿಗೆ ಹೋಯಿತು. ಮರುವರ್ಷವೇ ಸುಜುಕಿಯ ಮೇಲೆ ಅವನು 50 ಸಿಸಿ ವಿಶ್ವ ಚಾಂಪಿಯನ್ ಆದ.

ಅಲೆ ಹೋಗಿ ಬರಲು ಹಿಡಿಯುವ ಹೊತ್ತು ಕೊಳವೆಯ ಉದ್ದವನ್ನು ಅವಲಂಬಿಸಿದೆ. ಹಾಗಾಗಿ ಪೋರ್ಟನ್ನೂ ಕೊಳವೆಯನ್ನೂ ಒಟ್ಟಿಗೆ ಲೆಕ್ಕಹಾಕದೆ ಗ್ರೈಂಡರ್ ಹಿಡಿಯುವುದು ಕುರುಡು ಕೆಲಸ. ಡಿಗ್ರಿ ವೀಲ್ ಇಟ್ಟು ಪೋರ್ಟ್ ತೆರೆಯುವ ಕೋನ ಅಳೆದು, ಅದಕ್ಕೊಪ್ಪುವ ಇಂಥ ಕೊಳವೆಯನ್ನು, ಅಂದರೆ ಚೇಂಬರನ್ನು, ವೆಲ್ಡ್ ಮಾಡುವ ಮೆಕ್ಯಾನಿಕ್‌ಗಳು ಡ್ರ್ಯಾಗ್ ರೇಸಿನ ವಲಯದಲ್ಲಿ ನಮ್ಮಲ್ಲೂ ಇದ್ದಾರೆ. ಕಾರ್ಬ್ಯುರೇಟರಿನ ಮೇನ್ ಜೆಟ್ ಬದಲಿಸಿ, ಪ್ಲಗ್ಗಿನ ಬಣ್ಣ ನೋಡದೆ ಅವರು ಗಾಡಿ ಬಿಡುವುದಿಲ್ಲ. ಗಾಳಿ ಹೆಚ್ಚಿ ಪೆಟ್ರೋಲ್ ಸಾಲದಾದರೆ ಪಿಸ್ಟನ್ ಕಾದು ಎಂಜಿನ್ ಸೀಜ್ ಆಗುತ್ತದೆಂದು ಬಲ್ಲವರು. ಅವರ ಕೆಲಸ ನನಗೆ ಮನಸಾರೆ ಮೆಚ್ಚುಗೆ.

ಆದರೆ ಅವರು ರೇಸಿಗೆಂದು ಹೀಗೆ ಸಿದ್ಧಪಡಿಸಿದ ಎಂಜಿನ್ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಗಾಡಿಗೆ ಒಗ್ಗದು. ಅಂಥ ಗಾಡಿಗೆ ಹೊಸ ಮಿಶ್ರಣ ಒಳಬರುವ ಟ್ರಾನ್ಸ್‌ಫರ್ ಪೋರ್ಟಿನ ಒರಟು ತೆಗೆದು, ಹೆಡ್ ತುಸು ಇಳಿಸಿ ಕಂಪ್ರೆಷನ್ ಏರಿಸಿ, ಎಕ್ಸಾಸ್ಟ್ ಪೋರ್ಟಿನ ಎತ್ತರ ಮುಟ್ಟದೆ ಬಿಟ್ಟರೆ ಎಳೆತವೂ ಉಳಿಯುತ್ತದೆ. ಅದಕ್ಕೆ ಕಂಪನಿಯ ಸೈಲೆನ್ಸರೇ ಸಾಕು, ಬಫಲ್ ಸಮೇತ.