ಕಪ್ ಗೆದ್ದವರು, ಪಂದ್ಯ ಉಳಿಸಿದವರು

ಕೊನೆಕೊಯ್ಲಿನ ಕಾಲದಲ್ಲಿ ಮನ್ಮನೆ, ಸಿದ್ದಾಪುರ, ಶಿರಸಿ ಕಡೆಯ ಅಂಗಳಗಳಲ್ಲಿ ಅಡಕೆ ಸುಲಿಯುತ್ತ ಕ್ರಿಕೆಟ್ ಮಾತು ತೆಗೆದರೆ ಅದು ಬೇಗ ಮುಗಿಯುವುದಿಲ್ಲ. ಒಬ್ಬ ರನ್ನು, ಸರಾಸರಿ, ಶತಕಗಳ ಪಟ್ಟಿ ಒಪ್ಪಿಸುತ್ತಾನೆ. ಇನ್ನೊಬ್ಬ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ "ಅದೆಲ್ಲ ಇರ್ಲಿ ತಮಾ, ಕಪ್ ಎಲ್ಲಿದ್ದು?" ಎಂದು ಕೇಳುತ್ತಾನೆ.

ಅಮೆರಿಕದವರ ಫುಟ್‌ಬಾಲಿನಲ್ಲೂ ಇದೇ ಜಗಳ. ಅಲ್ಲಿ ತಂಡದ ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಡ್ಯಾನ್ ಮರೀನೊ 1984ರ ಒಂದೇ ಋತುವಿನಲ್ಲಿ 5,084 ಗಜ ಚೆಂಡೆಸೆದ. ಅಲ್ಲಿಯ ಕಪ್ಪಾದ ಸೂಪರ್ ಬೌಲ್ ಮಾತ್ರ ಒಮ್ಮೆಯೂ ಗೆಲ್ಲಲಿಲ್ಲ. ಟ್ರೆಂಟ್ ಡಿಲ್ಫರ್ 2001ರ ಜನವರಿಯಲ್ಲಿ ಅದನ್ನು ಗೆದ್ದ, ಬಾಲ್ಟಿಮೋರ್ ತಂಡದ ಭಯಂಕರ ರಕ್ಷಣಾಪಡೆಯ ಬಲದಿಂದ. ಡಿಲ್ಫರ್ ದೊಡ್ಡವನೆಂದು ಅಲ್ಲಿಯ ಕಪ್ ಪಕ್ಷದವರೂ ವಾದಿಸಲಾರರು.

ನಮ್ಮಲ್ಲಿ ಈ ಮಾತಿಗೆ ಜಿ.ಆರ್. ವಿಶ್ವನಾಥ್ ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಭದ್ರಾವತಿಯಲ್ಲಿ ಹುಟ್ಟಿದವರು, ಅಂದರೆ ನಮ್ಮ ಮಲೆನಾಡಿನ ಪಕ್ಕದವರೇ. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಟೆಸ್ಟ್. ಪುಟಿಯುವ ಪಿಚ್, ಮೈಮೇಲೆ ಬರುವ ಆ್ಯಂಡಿ ರಾಬರ್ಟ್ಸ್. ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ. ಭಾರತ 190ಕ್ಕೆ ಆಲೌಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಜೇಯ 97, ಒಬ್ಬ ಗಿಡ್ಡ ಮನುಷ್ಯನದು. ಉಳಿದ ಯಾರೂ 20 ಮುಟ್ಟಲಿಲ್ಲ. ಬಾಲಂಗೋಚಿಗಳನ್ನು ಜೊತೆಗಿಟ್ಟುಕೊಂಡು, ಎದ್ದು ಬಂದ ಚೆಂಡನ್ನು ಮಣಿಕಟ್ಟು ತಿರುಗಿಸಿ ಸ್ಕ್ವೇರ್ ಕಟ್ ಮಾಡುತ್ತ ಹೋದರು. ಕೊನೆಗೆ ಔಟಾದದ್ದು ಚಂದ್ರಶೇಖರ್. ವಿಶ್ವನಾಥ್ ಮೂರು ರನ್ನಿನ ದೂರದಲ್ಲಿ ಉಳಿದರು. ಭಾರತ ಆ ಟೆಸ್ಟನ್ನು 100 ರನ್ನಿನಿಂದ ಗೆದ್ದಿತು.

ಈ ಆಟವನ್ನು ಯಾವ ಲೆಕ್ಕಕ್ಕೆ ಬರೆಯುವುದು? ಶತಕಗಳ ಪಟ್ಟಿಯಲ್ಲಿ ಅದಿಲ್ಲ. ಗೆದ್ದ ಸರಣಿಗಳ ಪಟ್ಟಿಯಲ್ಲೂ ಇಲ್ಲ, ಏಕೆಂದರೆ 2–2ಕ್ಕೆ ಬಂದ ಸರಣಿಯನ್ನು ಮುಂಬೈಯ ಕೊನೆಯ ಟೆಸ್ಟಿನಲ್ಲಿ ಭಾರತ ಸೋತಿತು. ಎರಡೂ ಪಕ್ಷದವರ ತಕ್ಕಡಿ ತಪ್ಪಿಸಿಕೊಂಡ ಈ 97 ಭಾರತೀಯರು ಆಡಿದ ಅತಿ ಶ್ರೇಷ್ಠ ಇನಿಂಗ್ಸ್‌ಗಳಲ್ಲೊಂದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗೆಂದು ಅಂಕಿಅಂಶವನ್ನು ಬಿಸಾಡಬೇಕಿಲ್ಲ, ಕೇಳುವ ಪ್ರಶ್ನೆ ಬದಲಿಸಬೇಕು. ವಿಶ್ವನಾಥ್ 91 ಟೆಸ್ಟಿನಲ್ಲಿ 6,080 ರನ್ ಮಾಡಿದರು, ಸರಾಸರಿ 42ರ ಹತ್ತಿರ. ಗವಾಸ್ಕರ್ ಅವರದು 51. ಬರೀ ಇದನ್ನು ನೋಡಿದರೆ ಮಾತು ಮುಗಿಯಿತು. ಆದರೆ ವಿಶ್ವನಾಥ್ ಶತಕ ಹೊಡೆದ 14 ಟೆಸ್ಟುಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಶಿರಸಿಯ ಸೊಸೈಟಿಯಲ್ಲಿ ಒಂದು ಕ್ವಿಂಟಲ್ ರಾಶಿ ಅಡಕೆಗೂ ಒಂದು ಕ್ವಿಂಟಲ್ ಕೆಂಪುಗೋಟಿಗೂ ಒಂದೇ ದರ ಕೂಗುತ್ತಾರೆಯೇ? ರನ್ನನ್ನು ಮಾತ್ರ ನಾವು ತೂಕದಲ್ಲೇ ಕೊಂಡುಕೊಳ್ಳುತ್ತೇವೆ.

ನಾಯಕರ ವಿಷಯಕ್ಕೆ ಬಂದಾಗ ಕಪ್ ಪಕ್ಷದವರ ಮಾತಿನಲ್ಲಿ ಹುರುಳಿದೆ, ಒಪ್ಪಬೇಕು. ಗೆಲ್ಲಿಸುವುದು ನಾಯಕನ ಕೆಲಸವೇ. 2007ರ ವಿಶ್ವಕಪ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದು ರಾಹುಲ್ ದ್ರಾವಿಡ್ ಅವರ ಲೆಕ್ಕಕ್ಕೆ ಸೇರಲೇಬೇಕು. ಆದರೆ ಹಿಂದಿನ ವರ್ಷ ಕಿಂಗ್‌ಸ್ಟನ್‌ನಲ್ಲಿ, ಚೆಂಡು ಏಳುವುದೋ ಇಳಿಯುವುದೋ ತಿಳಿಯದ ಪಿಚ್‌ನಲ್ಲಿ, ನಾಯಕರಾಗಿ ಅವರು 81 ಮತ್ತು 68 ಹೊಡೆದು 35 ವರ್ಷಗಳ ಮೇಲೆ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆಲ್ಲಿಸಿದ್ದೂ ಸೇರಬೇಕು. ಆ ಟೆಸ್ಟಿನಲ್ಲಿ ಭಾರತದ ಮೊತ್ತಗಳು 200 ಮತ್ತು 171. ಟೆಸ್ಟಿನಲ್ಲಿ 31,258 ಎಸೆತ ಎದುರಿಸಿದ ಮನುಷ್ಯನ ಕೈಗೆ ಟಿ20 ವಿಶ್ವಕಪ್ ಬಂದದ್ದು 2024ರ ಜೂನ್ 29ರಂದು, ಬಾರ್ಬಡೋಸ್‌ನಲ್ಲಿ, ತರಬೇತುದಾರನಾಗಿ. ಅವರು ಅದನ್ನೆತ್ತಿ ಕೂಗಿದ್ದು ಕಂಡು ನನಗೂ ಕಣ್ಣು ತುಂಬಿತು. ಕಪ್ಪೊಂದೇ ಅಳತೆಯಾದರೆ, ಬ್ಯಾಟೇ ಹಿಡಿಯದ ಆ ದಿನ ದ್ರಾವಿಡರ ಬದುಕಿನ ಅತಿ ದೊಡ್ಡ ಕ್ರಿಕೆಟ್ ದಿನವೆನ್ನಬೇಕಾಗುತ್ತದೆ.

ಆರ್‌ಸಿಬಿ ಅಭಿಮಾನಿಗಳಿಗೆ ಇದು ಇನ್ನೂ ಹಸಿ ವಿಷಯ. 2016ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದರು, ನಾಲ್ಕು ಶತಕ. ಚಿನ್ನಸ್ವಾಮಿಯಲ್ಲಿ ನಡೆದ ಫೈನಲ್‌ನಲ್ಲೂ 54. ನಮ್ಮ ಬೌಲರುಗಳು 208 ಬಿಟ್ಟುಕೊಟ್ಟಿದ್ದರು, ಎಂಟು ರನ್ನಿನಿಂದ ಸೋತೆವು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕೊಹ್ಲಿ 35 ಎಸೆತಗಳಲ್ಲಿ ಹೊಡೆದದ್ದು 43. ಅಂಥ ವೇಗದ ಆಟವೇನಲ್ಲ. ಎದುರಾಳಿ ಪಂಜಾಬಿನ ಉಸಿರು ಬಿಗಿಹಿಡಿದದ್ದು ಕೃಣಾಲ್ ಪಾಂಡ್ಯ: ನಾಲ್ಕು ಓವರು, 17 ರನ್, 2 ವಿಕೆಟ್. ಆರು ರನ್ನಿನ ಗೆಲುವು. ಆ ರಾತ್ರಿ ಕಪ್ ಬಂತು, 18 ಋತುಗಳ ಕಾಯುವಿಕೆ ತೀರಿತು, ಕೊಹ್ಲಿ ಮೈದಾನದಲ್ಲಿ ಅತ್ತರು. ಆ ಸಂತೋಷ ನನ್ನದೂ ಹೌದು.

ಆದರೂ ಅಂಗಳದಲ್ಲಿ ಯಾರಾದರೂ ಕೇಳಿದರೆ, ಕೊಹ್ಲಿಯ ಅತ್ಯುತ್ತಮ ಐಪಿಎಲ್ ವರ್ಷ 2016 ಎನ್ನುತ್ತೇನೆ. ಅಹಮದಾಬಾದಿನ ಗೆಲುವನ್ನು ಮೊದಲು ಕೃಣಾಲ್ ಹೆಸರಿಗೇ ಬರೆಯುತ್ತೇನೆ.