ಒಂಟಿ ನಾವಿಕನೂ ಸಾಗರವಿಜ್ಞಾನವೂ

ಹಾಯಿದೋಣಿಯೊಂದರಲ್ಲಿ ಒಬ್ಬರೇ ಹೊರಟು ಭೂಮಂಡಲವನ್ನು ಪ್ರದಕ್ಷಿಣೆ ಮಾಡಿ ಬರುವ ಸಾಹಸವು ಬಹುಕಾಲ ಶೌರ್ಯಕ್ಕಾಗಿಯೇ ಶ್ಲಾಘ್ಯವಾಗಿದ್ದಿತು. ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ‘ಸುಹೈಲಿ’ ಎಂಬ ದೋಣಿಯಲ್ಲಿ 312 ದಿನಗಳ ಕಾಲ ಎಲ್ಲಿಯೂ ದಡ ಹತ್ತದೆ ಸಾಗಿ, 1969ರ ಏಪ್ರಿಲ್ 22ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಹಿಂದಿರುಗಿದಾಗ ಜನರು ಕೊಂಡಾಡಿದ್ದು ಆ ಮನುಷ್ಯನ ಧೃತಿಯನ್ನು. ಅವರು ದಾಟಿಬಂದ ನೀರು ಎಂಥದು, ಅದರ ಶಾಖವೆಷ್ಟು, ಲವಣವೆಷ್ಟು ಎಂದು ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಈಗ ಒಂಟಿ ನಾವಿಕನು ತನ್ನನ್ನು ವಿಜ್ಞಾನದ ಪರಿಚಾರಕನೆಂದೂ ಪರಿಸರದ ವಕ್ತಾರನೆಂದೂ ಕರೆದುಕೊಳ್ಳುತ್ತಿರುವನು. ಈ ಎರಡು ಬಿರುದುಗಳಲ್ಲಿ ಮೊದಲನೆಯದು ಅವನಿಗೆ ನ್ಯಾಯವಾಗಿ ಸಲ್ಲತಕ್ಕದ್ದೆಂದೂ, ಎರಡನೆಯದನ್ನು ಅವನು ಇನ್ನೂ ಪೂರ್ತಿಯಾಗಿ ಸಂಪಾದಿಸಿಕೊಂಡಿಲ್ಲವೆಂದೂ ನನ್ನ ಅಭಿಪ್ರಾಯ.

ನಾವಿಕರ ದಿನಚರಿಯಿಂದ ಶಾಸ್ತ್ರವು ಹುಟ್ಟುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೋರಿಯು ಹಳೆಯ ಹಡಗುಗಳ ದಿನಚರಿಗಳನ್ನು ಕಲೆಹಾಕಿ, 1847ರಿಂದ ಮೊದಲುಗೊಂಡು ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಪ್ರಕಟಿಸಿದನು. ಆದರೆ ಇಂದಿನ ಕೊರತೆ ಬೇರೆ ಬಗೆಯದು. ಮನುಷ್ಯರು ವಾಯುಮಂಡಲಕ್ಕೆ ಬಿಡುತ್ತಿರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಪಾಲನ್ನು ಸಮುದ್ರಗಳು ಹೀರಿಕೊಳ್ಳುತ್ತವೆ. ಹಾಗೆ ಹೀರಿದುದರಲ್ಲಿ ಶೇಕಡ 40ರಷ್ಟು ಅಂಟಾರ್ಕ್ಟಿಕವನ್ನು ಬಳಸಿ ನಿಂತ ದಕ್ಷಿಣ ಮಹಾಸಾಗರದ ಪಾಲೆಂದು ವಿದ್ವಾಂಸರ ಅಂದಾಜು. ಇಷ್ಟು ದೊಡ್ಡ ಕಾರ್ಯವು ನಡೆಯುವ ಜಲರಾಶಿಯಲ್ಲಿಯೇ ಅಳೆಯುವವರ ಸಂಖ್ಯೆ ಅತ್ಯಲ್ಪ. ಸರಕುಹಡಗುಗಳಿಗೆ ಅಲ್ಲಿ ಕೆಲಸವಿಲ್ಲ; ಸಂಶೋಧನಾ ನೌಕೆಗಳು ಅಪರೂಪಕ್ಕೆ, ಅಪಾರ ವೆಚ್ಚದಲ್ಲಿ ಹೋಗಿಬರುತ್ತವೆ; ಉಪಗ್ರಹಗಳು ನೀರಿನ ಮೇಲ್ಮೈಯ ಶಾಖವನ್ನು ದೂರದಿಂದ ತಿಳಿಯಬಲ್ಲವಾದರೂ ಅದರಲ್ಲಿ ಕರಗಿದ ಅನಿಲದ ಪ್ರಮಾಣವನ್ನು ನೇರವಾಗಿ ಅಳೆಯಲಾರವು. ಬಹುಮಟ್ಟಿಗೆ ಯಾರೂ ಹೋಗದ ಆ ದಾರಿಯಲ್ಲಿ ನಿಯತವಾಗಿ ಹೋಗುವವರಲ್ಲಿ ಒಂಟಿ ಸ್ಪರ್ಧಾಳುಗಳು ಸೇರಿದ್ದಾರೆ ಎಂಬುದೇ ನಾವಿಕನಿಗೂ ವಿಜ್ಞಾನಕ್ಕೂ ಬೆಳೆದ ಈ ಸಂಬಂಧದ ಮೂಲ. 1989ರಲ್ಲಿ ಆರಂಭವಾಗಿ, ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಎಂಬ ಊರಿನಿಂದ ನಾಲ್ಕು ವರ್ಷಗಳಿಗೊಮ್ಮೆ ಹೊರಡುವ ‘ವಾಂದೇ ಗ್ಲೋಬ್’ ಸ್ಪರ್ಧೆಯಲ್ಲಿ ನಾವಿಕನು ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ, ದಕ್ಷಿಣ ಮಹಾಸಾಗರದ ಉದ್ದಕ್ಕೂ ಸಾಗಬೇಕು.

ಜರ್ಮನಿಯ ಬೋರಿಸ್ ಹೆರ್ಮಾನ್ ಅವರು 2020-21ರ ಸ್ಪರ್ಧೆಯಲ್ಲಿ ತಮ್ಮ ದೋಣಿಯೊಳಗೆ ಇಟ್ಟುಕೊಂಡಿದ್ದ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೋಣಿಯ ಅಡಿಭಾಗದ ರಂಧ್ರವೊಂದರಿಂದ ಸಮುದ್ರದ ನೀರು ನಳಿಗೆಯ ಮೂಲಕ ಒಳಕ್ಕೆ ಬರುತ್ತದೆ. ಅದರ ಶಾಖವನ್ನೂ ಲವಣಾಂಶವನ್ನೂ ಅಳೆದಾದ ಮೇಲೆ ತೆಳುವಾದ ಪೊರೆಯೊಂದರ ಪಕ್ಕದಲ್ಲಿ ಅದು ಹರಿಯುತ್ತದೆ. ನೀರಿನಲ್ಲಿ ಕರಗಿದ್ದ ಅನಿಲವು ಪೊರೆಯನ್ನು ದಾಟಿ ಆಚೆಯ ಗಾಳಿಯೊಡನೆ ಸಮತೋಲಕ್ಕೆ ಬರುತ್ತದೆ. ಆ ಗಾಳಿಯಲ್ಲಿ ಅವಕೆಂಪು ಕಿರಣವನ್ನು ಹಾಯಿಸಿ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಕಂಡುಕೊಳ್ಳಲಾಗುತ್ತದೆ. ಸಂಶೋಧನಾ ನೌಕೆಯ ಪ್ರಯೋಗಾಲಯದಲ್ಲಿ ಒಂದು ಮೂಲೆಯನ್ನೆಲ್ಲ ಆಕ್ರಮಿಸುವ ಸಲಕರಣೆಯನ್ನು ಸುಮಾರು 17 ಕಿಲೋಗ್ರಾಂ ತೂಕದ ಪೆಟ್ಟಿಗೆಗೆ ಇಳಿಸಿರುವುದೇ ಒಂದು ಸಾಧನೆ. ವೇಗಕ್ಕಾಗಿ ತಮ್ಮ ಬಟ್ಟೆಯ ತೂಕವನ್ನೂ ಲೆಕ್ಕವಿಡುವ ಸ್ಪರ್ಧಾಳುಗಳಿಗೆ ಈ ಹೊರೆಯೂ, ಇದಕ್ಕೆ ಬೇಕಾದ ವಿದ್ಯುತ್ತೂ ಅಲ್ಪವಾದ ತ್ಯಾಗವಲ್ಲ. ಕೀಲ್ ನಗರದ ಗಿಯೋಮಾರ್ ಸಂಸ್ಥೆಯ ಮತ್ತು ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಈ ಅಂಕಿಗಳನ್ನು ಪರಿಶೀಲಿಸಿದರು. ಹಾಯಿದೋಣಿಗಳಿಂದ ಬಂದ ಅಳತೆಗಳನ್ನು ಸೇರಿಸಿದರೆ ಉತ್ತರ ಅಟ್ಲಾಂಟಿಕ್ ಮತ್ತು ದಕ್ಷಿಣ ಮಹಾಸಾಗರಗಳು ಹೀರುವ ಇಂಗಾಲದ ಅಂದಾಜು ಗುರುತಿಸಬಹುದಾದಷ್ಟು ಬದಲಾಗುವುದೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆರಳೆಣಿಕೆಯ ದೋಣಿಗಳು ಮಹಾಸಾಗರದ ಲೆಕ್ಕವನ್ನು ಅಲುಗಿಸಬಲ್ಲವೆಂದರೆ, ಆ ಲೆಕ್ಕವು ಅದುವರೆಗೆ ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿತ್ತೆಂಬುದೂ ಅದರಿಂದಲೇ ವೇದ್ಯವಾಗುತ್ತದೆ.

ಇಷ್ಟನ್ನು ಮೆಚ್ಚಿದ ಮೇಲೆ ಇದರ ಮಿತಿಗಳನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಪಾಠವಾದೀತು. ಸ್ಪರ್ಧೆಯು ನವೆಂಬರಿನಲ್ಲಿ ಹೊರಡುವುದರಿಂದ ದೋಣಿಗಳು ದಕ್ಷಿಣ ಮಹಾಸಾಗರವನ್ನು ದಾಟುವುದು ಅಲ್ಲಿಯ ಬೇಸಗೆಯಲ್ಲಿ. ಚಳಿಗಾಲದಲ್ಲಿಯೋ ಆಳದ ನೀರು ಮೇಲಕ್ಕೆದ್ದು ಇಂಗಾಲವನ್ನು ಗಾಳಿಗೆ ಮರಳಿಸುವ ಸಂಭವವಿದೆ. ಆ ಋತುವಿನ ವಿಷಯದಲ್ಲಿ ಈ ನಾವಿಕರು ಏನನ್ನೂ ಹೇಳಲಾರರು. 2019ರಲ್ಲಿ ‘ಸೇಲ್‌ಡ್ರೋನ್’ ಎಂಬ ಮಾನವರಹಿತ ಹಾಯಿಯಂತ್ರವೊಂದು ನ್ಯೂಜಿಲೆಂಡಿನ ದಕ್ಷಿಣ ತುದಿಯಿಂದ ಹೊರಟು, ಹಿಮಬಂಡೆಯ ಪೆಟ್ಟನ್ನೂ ಸಹಿಸಿ, 196 ದಿನಗಳಲ್ಲಿ ಅಂಟಾರ್ಕ್ಟಿಕವನ್ನು ಸುತ್ತಿ ಬಂದಿತು. ಮನುಷ್ಯರು ಒಂಟಿಯಾಗಿ ಹೋಗಲು ಹಿಂಜರಿಯುವ ಚಳಿಗಾಲದ ಅಳತೆಗಳನ್ನು ಅದು ತಂದಿತು. ಮೂರು ಸಾವಿರಕ್ಕೂ ಮೇಲ್ಪಟ್ಟ ‘ಆರ್ಗೊ’ ಎಂಬ ತೇಲುಮಾಪಕಗಳು ಹತ್ತು ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತ ನೀರಿನ ಶಾಖ ಲವಣಗಳನ್ನು ಅಳೆಯುತ್ತಿರುವಾಗ, ದೋಣಿಯು ಅಳೆಯಬಲ್ಲದ್ದು ಮೇಲ್ಮೈಯ ನೀರನ್ನು ಮಾತ್ರ. ಹೀಗಿರುವಾಗ ಮನುಷ್ಯನಿಗೆ ಉಳಿದ ಕೆಲಸವೇನೆಂದರೆ, ಯಂತ್ರವನ್ನು ತಿದ್ದುವುದು, ಶೋಧಕವನ್ನು ಬದಲಿಸುವುದು, ಹಾಗೂ ತೇಲುಮಾಪಕಗಳನ್ನು ಬೇಕಾದ ಜಾಗದಲ್ಲಿ ನೀರಿಗೆ ಇಳಿಸುವುದು. ಈ ಕಡೆಯ ಕೆಲಸವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ವಾಯುಭಾರವನ್ನು ಅಳೆಯುವ ತೇಲುಮಾಪಕವೊಂದನ್ನು, ಬಿರುಗಾಳಿಯ ನಡುವೆ ಹಿಂಭಾಗಕ್ಕೆ ತೆವಳಿಕೊಂಡು ಹೋಗಿ ಕೈಯಾರೆ ಸಮುದ್ರಕ್ಕೆ ಬಿಟ್ಟ ನಾವಿಕನು, ತಾನು ಮುಂದೆ ಸಾಗಿದ ಮೇಲೂ ತಿಂಗಳುಗಟ್ಟಲೆ ಹವಾಮಾನ ಶಾಸ್ತ್ರಜ್ಞರಿಗೆ ವರದಿ ಕಳುಹುವ ಕಾವಲುಗಾರನೊಬ್ಬನನ್ನು ಅಲ್ಲಿ ನಿಲ್ಲಿಸಿ ಬಂದಂತೆ.

ನೀರಿನಲ್ಲಿರುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ತುಣುಕುಗಳನ್ನು, ಎಂದರೆ ಮೈಕ್ರೊಪ್ಲಾಸ್ಟಿಕ್ಕನ್ನು, ಸಂಗ್ರಹಿಸುವ ಕೆಲಸವನ್ನೂ ಕೆಲವು ನಾವಿಕರು ಕೈಗೊಂಡಿದ್ದಾರೆ; ಅದರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಪತ್ರಕರ್ತರಾಗಿದ್ದು ನಾವಿಕರಾದ ಫ್ರಾನ್ಸಿನ ಫಾಬ್ರಿಸ್ ಅಮೆದೆಯೊ ಅವರು ನೀರನ್ನು ಒಂದಾದ ಮೇಲೊಂದು ಜಾಲರಿಯಲ್ಲಿ ಸೋಸುವ ಯಂತ್ರವನ್ನು ಅದೇ 2020-21ರ ವಾಂದೇ ಗ್ಲೋಬ್ ಸ್ಪರ್ಧೆಗೆ ಒಯ್ದರು. ಆದರೆ 2020ರ ಡಿಸೆಂಬರಿನಲ್ಲಿ ದೋಣಿಯ ಗಣಕಯಂತ್ರಗಳು ಕೆಟ್ಟು ಸ್ಪರ್ಧೆಯನ್ನು ಬಿಟ್ಟು ಕೇಪ್‌ಟೌನ್ ಸೇರಬೇಕಾಯಿತು, 2022ರಲ್ಲಿ ಮತ್ತೊಂದು ಸ್ಪರ್ಧೆಯ ನಡುವೆ ಅವರ ದೋಣಿಯೇ ಸ್ಫೋಟಗೊಂಡು ಮುಳುಗಿತು. ಅದೇ 2022ರಲ್ಲಿ ಆಸ್ಟ್ರೇಲಿಯಾದ ಲೀಸಾ ಬ್ಲೇರ್ ಅವರು ಆಲ್ಬನಿಯಿಂದ ಹೊರಟು 92 ದಿನಗಳಲ್ಲಿ ಅಂಟಾರ್ಕ್ಟಿಕವನ್ನು ಒಂಟಿಯಾಗಿ ಸುತ್ತಿ, ದಾರಿಯುದ್ದಕ್ಕೂ ನೀರಿನ ಮಾದರಿಗಳನ್ನು ಸಂಗ್ರಹಿಸಿ ತಂದರು. 2017ರಲ್ಲಿ ಇದೇ ಪ್ರಯತ್ನದಲ್ಲಿ ಹಾಯಿಕಂಬ ಮುರಿದು, ಉಳಿದ ತುಂಡುಗಳಿಂದ ಹಾಯಿ ಕಟ್ಟಿಕೊಂಡು ಕೇಪ್‌ಟೌನ್ ತಲುಪಿದ್ದವರು ಮತ್ತೆ ಅದೇ ನೀರಿಗೆ ಇಳಿದರೆಂಬುದನ್ನು ನೆನೆದಾಗ ತಲೆ ತಾನಾಗಿ ಬಾಗುತ್ತದೆ. ಆದರೂ ಹಾಯಿಗಳೂ ಹಗ್ಗಗಳೂ ನಾವಿಕನ ಉಡುಪೂ ಕೃತಕ ನೂಲಿನವಾಗಿರುವಾಗ, ಶೋಧಕದಲ್ಲಿ ಸಿಕ್ಕ ಎಳೆಯು ಸಮುದ್ರದ್ದೋ ದೋಣಿಯದೋ ಎಂಬುದನ್ನು ನಿರ್ಣಯಿಸುವ ಕ್ರಮವು ಪ್ರಯಾಣಕ್ಕೆ ಮೊದಲೇ ಸಿದ್ಧವಾಗಿರತಕ್ಕದ್ದು.

ಒಂಟಿ ಪ್ರಯಾಣದಲ್ಲಿ ಸಾಕ್ಷಿ ಹೇಳುವವನು ಒಬ್ಬನೇ ಎಂಬ ತೊಡಕೂ ಉಂಟು. ನಾಕ್ಸ್-ಜಾನ್‌ಸ್ಟನ್ ತಮ್ಮ ಆ 312 ದಿನಗಳ ಪ್ರಯಾಣದಿಂದ ಗೆದ್ದ ಸ್ಪರ್ಧೆಯಲ್ಲಿಯೇ ಡೊನಾಲ್ಡ್ ಕ್ರೋಹರ್ಸ್ಟ್ ಎಂಬಾತನು ಅಟ್ಲಾಂಟಿಕ್ಕನ್ನು ಬಿಟ್ಟು ಹೋಗದೆ, ಭೂಪ್ರದಕ್ಷಿಣೆ ಮಾಡುತ್ತಿರುವಂತೆ ಸುಳ್ಳು ನೆಲೆಗಳನ್ನು ರೇಡಿಯೊದಲ್ಲಿ ವರದಿ ಮಾಡುತ್ತಿದ್ದನು. 1969ರ ಜುಲೈನಲ್ಲಿ ಅವನ ದೋಣಿ ಬರಿದಾಗಿ ತೇಲುತ್ತಿದ್ದುದು ಸಿಕ್ಕಿತು, ಅವನು ಸಿಗಲಿಲ್ಲ. ಸಾಲದ ಭಾರವೂ ಏಕಾಂತವೂ ಕೂಡಿ ಮುರಿದ ಆ ಜೀವವನ್ನು ನಿಂದಿಸುವುದು ತರವಲ್ಲ. ಆದರೆ ಇಂದಿನ ಯಂತ್ರವು ಪ್ರತಿಯೊಂದು ಅಳತೆಗೂ ಕಾಲವನ್ನೂ ಅಕ್ಷಾಂಶ ರೇಖಾಂಶಗಳನ್ನೂ ಉಪಗ್ರಹದಿಂದ ಪಡೆದು ತಾನೇ ಬರೆದುಕೊಳ್ಳುತ್ತದೆ. ನಾವಿಕನ ಸಾಹಸವನ್ನು ನಂಬಿದ ಮಾತ್ರಕ್ಕೆ ಅವನ ಅಂಕಿಯನ್ನು ನಂಬಬೇಕಾದ ಅಗತ್ಯ ಈಗಿಲ್ಲ. ಒಂಟಿ ನೌಕಾಯಾನವು ಶಾಸ್ತ್ರಕ್ಕೆ ಅರ್ಹವಾದದ್ದು ಈ ವ್ಯವಸ್ಥೆಯಿಂದ.

ಪರಿಸರದ ಪರವಾದ ಕಾರ್ಯವೆಂಬ ಮಾತಿಗೆ ಬಂದರೆ ನನ್ನ ಒಪ್ಪಿಗೆ ಕುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಹೆರ್ಮಾನ್ ಮತ್ತು ಅವರ ಸಹನಾವಿಕ ಪಿಯೆರ್ ಕಸಿರಾಗಿ ಅವರು ಹವಾಮಾನ ಹೋರಾಟಗಾರ್ತಿ ಗ್ರೇಟಾ ಥುನ್‌ಬರ್ಗ್ ಅವರನ್ನು ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಹಾಯಿಯ ಬಲದಿಂದಲೇ ಕರೆದೊಯ್ದುದು ಲೋಕದ ಗಮನ ಸೆಳೆಯಿತು. ದೋಣಿಯನ್ನು ಮರಳಿ ತರಲು ಬೇರೆ ನಾವಿಕರು ವಿಮಾನದಲ್ಲಿ ಹೋಗಬೇಕಾದದ್ದೂ ಅಷ್ಟೇ ಸತ್ಯ. 60 ಅಡಿಯ ಸ್ಪರ್ಧಾದೋಣಿಯೊಂದನ್ನು ಇಂಗಾಲದ ನಾರು ಮತ್ತು ರಾಳಗಳಿಂದ ಕಟ್ಟುವುದರಲ್ಲಿಯೇ 500 ಟನ್ನಿಗೂ ಮಿಕ್ಕ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲವು ಹೊರಬೀಳುತ್ತದೆ. ನೀರಿನಿಂದ ಮೇಲೆದ್ದು ಹಾರುವಂತೆ ಓಡುವ ಈ ದೋಣಿಗಳ ರೆಕ್ಕೆಗಳು ತಿಮಿಂಗಿಲಗಳಿಗೆ ಅಪಾಯಕಾರಿಯೆಂದು ಈಗೀಗ ಸ್ಪರ್ಧೆಯ ದಾರಿಯಲ್ಲಿ ನಿಷಿದ್ಧ ವಲಯಗಳನ್ನು ಗುರುತಿಸುತ್ತಿರುವುದು ಒಳ್ಳೆಯದು. ಹಾಯಿಯ ಮೇಲೆ ಘೋಷಣೆಯನ್ನು ಬರೆದು ತಿರುಗುವುದಕ್ಕಿಂತ, 2024ರ ವಾಂದೇ ಗ್ಲೋಬ್ ಸ್ಪರ್ಧೆಯಲ್ಲಿ 40 ದೋಣಿಗಳ ಪೈಕಿ ಅರ್ಧಕ್ಕೂ ಹೆಚ್ಚು ದೋಣಿಗಳು ಯಾವುದಾದರೊಂದು ಮಾಪಕವನ್ನು ಒಯ್ದುದು ಹೆಚ್ಚಿನ ಪರಿಸರಸೇವೆಯೆಂದು ನಾನು ಎಣಿಸುತ್ತೇನೆ.

ಈ ವಿಷಯದಲ್ಲಿ ನಮ್ಮ ದೇಶವು ಹಿಂದೆ ಉಳಿಯಬೇಕಾದ ಕಾರಣವಿಲ್ಲ. ಅಭಿಲಾಷ್ ಟೋಮಿ ಅವರು 2012-13ರಲ್ಲಿ ನೌಕಾಪಡೆಯ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮುಗಿಸಿದರು. 2024ರ ಅಕ್ಟೋಬರಿನಲ್ಲಿ ಗೋವೆಯಿಂದ ‘ತಾರಿಣಿ’ಯಲ್ಲಿ ಹೊರಟ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಅವರು ಇಬ್ಬರೇ ದೋಣಿಯನ್ನು ನಡೆಸಿ, ನೆಲದಿಂದ ಅತ್ಯಂತ ದೂರವಾದ ಪಾಯಿಂಟ್ ನೀಮೊ ಎಂಬ ಸ್ಥಳದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಗಾಗಿ ನೀರನ್ನು ಸಂಗ್ರಹಿಸಿ, 2025ರ ಮೇ ತಿಂಗಳಲ್ಲಿ ಹಿಂದಿರುಗಿದರು. ಆ ಸಂಸ್ಥೆಯಿರುವ ದೋನಾ ಪಾವ್ಲಾಕ್ಕೂ ತಾರಿಣಿಯು ಹೊರಟ ಮಾಂಡವಿಯ ದಂಡೆಗೂ ಕೆಲವೇ ಮೈಲಿಗಳ ಅಂತರ. ಹಿಂದೂ ಮಹಾಸಾಗರದ ನೀರಿನಲ್ಲಿ ಕರಗಿದ ಇಂಗಾಲದ ಅಳತೆಗಳು ಬೇರೆ ಸಮುದ್ರಗಳಿಗಿಂತ ಎಷ್ಟೋ ವಿರಳವಾಗಿವೆ. ಆದ್ದರಿಂದ ನೌಕಾಪಡೆಯೂ ಸಂಸ್ಥೆಯೂ ಕೂಡಿ, ಆ 17 ಕಿಲೋಗ್ರಾಮಿನ ಪೆಟ್ಟಿಗೆಯಂಥದೊಂದನ್ನು ತಾರಿಣಿಯಲ್ಲಿಯೂ ಮ್ಹಾದೇಯಿಯಲ್ಲಿಯೂ ಶಾಶ್ವತವಾಗಿ ಕೂರಿಸಿ, ಪ್ರತಿಯೊಂದು ಪ್ರಯಾಣದ ಅಂಕಿಗಳನ್ನೂ ಲೋಕದ ವಿದ್ವಾಂಸರಿಗೆ ಮುಕ್ತವಾಗಿ ಒದಗಿಸಬೇಕೆಂದು ನನ್ನ ಪ್ರಾರ್ಥನೆ.